ಚಿಕ್ಕಿಯ ಪರವಾಗಿ ಹನ್ನೊಂದು ನಿಮಿಷ

ಹೆಬ್ಬಳ್ಳಿ
೯ ಜೂನ್ ೨೦೨೫, ಸೋಮವಾರ

ಪ್ರೀತಿಯ ರಾಜಿ,

ಕ್ಷೇಮವಾಗಿದ್ದೇನೆ ಎಂದು ಬರೆಯಲು ಪೆನ್ನು ಹಿಡಿದೆ. ಆ ಸಾಲನ್ನು ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದೆ. ಮೇಲೆ ಕಾಣುವ ಗೀಚು ಅದೇ. ಅದನ್ನು ದಾಟಿ ಓದು.

ನಾವಿಬ್ಬರೂ ಒಬ್ಬರಿಗೊಬ್ಬರು ಪತ್ರ ಬರೆದವರಲ್ಲ, ಫೋನಿತ್ತು. ಈಗ ನನ್ನ ಫೋನು ಧಾರವಾಡದ ಮನೆಯಲ್ಲಿ ಅವ್ವನ ಕಪಾಟಿನೊಳಗೆ ಸೀರೆಗಳ ಕೆಳಗಿದೆ. ಆಫ್ ಮಾಡಿ ಅಲ್ಲಿಟ್ಟವರು ಅಪ್ಪ. ನನ್ನನ್ನು ಹೆಬ್ಬಳ್ಳಿಯ ಸತ್ಯವ್ವಜ್ಜಿಯ ಮನೆಯಲ್ಲಿ ತಂದು ಬಿಟ್ಟವರೂ ಅವರೇ. ಬಂದು ಐದು ದಿನವಾಯಿತು. ಏನಾಯಿತೆಂಬುದು ನಿನಗೆ ಅರ್ಧ ಗೊತ್ತು. ಉಳಿದ ಅರ್ಧವನ್ನೂ ಸೇರಿಸಿ ಸಾಲಾಗಿ ಬರೆಯುತ್ತೇನೆ. ಹಾಗೆ ಬರೆದರಾದರೂ ಎದೆ ಹೊಡೆದುಕೊಳ್ಳುವುದು ನಿಂತೀತು ಎಂಬ ಆಸೆ.

ಮೇ ಕೊನೆಯ ವಾರ ‘ಉರಿಗೋಟೆ’ಯ ಐದನೆಯ ಪುಸ್ತಕ ಮುಗಿಸಿದೆ. ಎಂಟನೆಯ ತರಗತಿಯಿಂದ ಕಾದು ಕಾದು ಓದಿದ ಮಾಲಿಕೆ ಅದು. ನಾವು ಆಗ ನವನಗರದ ಕ್ವಾರ್ಟರ್ಸಿನಲ್ಲಿದ್ದೆವು. ಶನಿವಾರ ಶಾಲೆ ಬಿಟ್ಟರೆ ಅಮರಗೋಳದ ನಿಮ್ಮ ಮನೆಯ ಮಾಳಿಗೆ. ಒಣಹಾಕಿದ ಮೆಣಸಿನಕಾಯಿಯ ಘಾಟಿಗೆ ಸೀನುತ್ತಾ ಒಂದೇ ಪುಸ್ತಕವನ್ನು ಇಬ್ಬರೂ ಹಿಡಿದು ಓದುತ್ತಿದ್ದೆವು. ಮೊದಲ ಪುಸ್ತಕದಲ್ಲಿ ಕೋಟೆಗೆ ಬೆಂಕಿ ಬಿದ್ದಾಗ ರಾಜಕುಮಾರಿ ಜ್ವಲಿತಾ ಉರಿ ತಾಗದ ಕಲ್ಲಿನ ಕೋಣೆ ಹೊಕ್ಕು, ತನ್ನ ದೀಪ ಹಿಡಿಯುವ ಹುಡುಗಿ ಚಿಕ್ಕಿಯನ್ನು ಹೊರಗೇ ಬಿಟ್ಟು ಬಾಗಿಲಿಗೆ ಅಗಳಿ ಹಾಕಿಕೊಂಡಳು. ಆಮೇಲೆ ‘ನನಗೆ ಗೊತ್ತೇ ಆಗಲಿಲ್ಲ’ ಎಂದು ಸುಳ್ಳು ಹೇಳಿದಳು. ನೀನು ಆ ದಿನ ಅತ್ತಿದ್ದೆ. ಮುಂದಿನ ಪುಸ್ತಕದಲ್ಲಿ ಜ್ವಲಿತಾ ಬದಲಾಗುತ್ತಾಳೆ ಎಂದು ನನ್ನ ಹತ್ತಿರ ಪಂಥ ಕಟ್ಟಿದ್ದೆ.

ಅವಳು ಬದಲಾಗಲಿಲ್ಲ. ಮೂರನೆಯದರಲ್ಲಿ ಅವಳಿಗೆ ಮಂತ್ರದ ಕತ್ತಿ ಬಂತು, ನಾಲ್ಕನೆಯದರಲ್ಲಿ ರೆಕ್ಕೆಯ ಕುದುರೆ ಬಂತು, ಅವಳು ಮಾತ್ರ ಮೊದಲಿನಂತೆಯೇ. ಕಷ್ಟ ಎದುರಾದಾಗಲೆಲ್ಲ ಯಾರನ್ನೋ ಮುಂದೆ ತಳ್ಳುತ್ತಾಳೆ, ಅಳುತ್ತಾಳೆ, ಎಲ್ಲರೂ ಕ್ಷಮಿಸುತ್ತಾರೆ. ಐದನೆಯದರಲ್ಲಿ ಚಿಕ್ಕಿಯೇ ಅವಳ ಬದಲು ಉರಿಯೊಳಗೆ ನಡೆದುಹೋದಳು. ಎರಡು ಸಾವಿರ ಪುಟಗಳಲ್ಲಿ ‘ಆಗಲಿ ಒಡತಿ’ ಎಂಬುದರ ಹೊರತು ಚಿಕ್ಕಿಯ ಬಾಯಿಂದ ಇನ್ನೊಂದು ಮಾತಿಲ್ಲ. ಅವಳಿಗೆ ಊರಿಲ್ಲ, ತಾಯಿಯಿಲ್ಲ, ಸಿಟ್ಟು ಕೂಡ ಇಲ್ಲ. ನನಗೆ ತಡೆಯಲಾಗಲಿಲ್ಲ. ಭಾನುವಾರ ನನ್ನ ಕೋಣೆಯಲ್ಲಿ ಫೋನನ್ನು ಡಬ್ಬಿಗೆ ಆನಿಸಿ ನಿಲ್ಲಿಸಿ ಹನ್ನೊಂದು ನಿಮಿಷ ಮಾತಾಡಿದೆ. ‘ಐದು ಪುಸ್ತಕದಾಗ ಜ್ವಲಿತಾನ ಕಿರೀಟ ದೊಡ್ಡದಾಗೇತಿ, ಆಕಿ ದೊಡ್ಡಾಕಿ ಆಗಿಲ್ಲ’ ಎಂದೆ. ಚಿಕ್ಕಿಯನ್ನು ಲೇಖಕಿ ಮನುಷ್ಯಳೆಂದೇ ಎಣಿಸಿಲ್ಲ ಎಂದೆ. ನನ್ನ ಚಾನೆಲ್ಲಿಗೆ ಇದ್ದವರು ನೂರ ನಲವತ್ತು ಮಂದಿ. ಅಷ್ಟು ಜನ ಕೇಳಿದರೆ ಸಾಕೆಂದುಕೊಂಡಿದ್ದೆ.

ನೀನಿರುವ ಉರಿಗೋಟೆ ಅಭಿಮಾನಿಗಳ ಗುಂಪಿನ ಸುಶ್ರುತ ಅದನ್ನು ಬೆಂಗಳೂರಿನಿಂದ ಹಂಚಿದ ಮೇಲೆ ಮೂರು ದಿನದಲ್ಲಿ ತೊಂಬತ್ತು ಸಾವಿರ ಮಂದಿ ನೋಡಿದರು. ಮೊದಲ ದಿನ ನನ್ನ ಮಾತಿನ ಧಾಟಿಯನ್ನು ಆಡಿಕೊಂಡು ನಕ್ಕರು. ಎರಡನೆಯ ದಿನ ಮೂಗು, ಬಣ್ಣ. ಮೂರನೆಯ ದಿನ ಯಾರೋ ನನ್ನ ಹಿಂದಿನ ಗೋಡೆಯ ಮೇಲಿದ್ದ ಬುದ್ಧನ ಚಿತ್ರದ ಸುತ್ತ ಗುಂಡಗೆ ಗೆರೆ ಎಳೆದು ನಮ್ಮ ಜಾತಿಯ ಹೆಸರು ಬರೆದರು. ಅಲ್ಲಿಂದ ಮುಂದೆ ಬಂದದ್ದನ್ನು ನಾನು ಈ ಹಾಳೆಯ ಮೇಲೆ ಇಳಿಸುವುದಿಲ್ಲ. ಬುಧವಾರ ಬೆಳಿಗ್ಗೆ ನಮ್ಮ ಮನೆಯ ಗೇಟಿನ ಫೋಟೋ ಬಂತು. ಹಸಿರು ಗೇಟು, ಅಪ್ಪನ ಹೆಸರಿನ ಫಲಕ, ಪಕ್ಕದಲ್ಲಿ ನನ್ನ ಸ್ಕೂಟಿ, ನಂಬರಿನ ಸಮೇತ. ಕೆಳಗೆ ಒಂದೇ ಶಬ್ದ: ‘ಬರ್ತೇವಿ.’

ಅಪ್ಪ ಅದನ್ನು ನೋಡಿ ಚಹಾದ ಕಪ್ಪು ಕೆಳಗಿಟ್ಟರು. ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಯಾರ ಜೊತೆಗೂ ಜಗಳವಾಡದೆ ಕೆಲಸ ಮಾಡಿದವರು. ‘ಕಂಪ್ಲೇಂಟ್ ಗಿಂಪ್ಲೇಂಟ್ ಬ್ಯಾಡ. ಸುಮ್ಮ ಕುಂತ್ರ ನಾಕ ದಿನದಾಗ ಮರೀತಾರ’ ಎಂದರು. ವಿಡಿಯೋ ತೆಗೆದುಬಿಡು ಎಂದೂ ಹೇಳಿದರು. ಅವ್ವ ಬೇಡ ಎಂದಳು. ಇಬ್ಬರೂ ಒಳಗೆ ಹೋಗಿ ಸಣ್ಣ ದನಿಯಲ್ಲಿ ವಾದ ಮಾಡಿದರು. ಮಧ್ಯಾಹ್ನದ ಬಸ್ಸಿಗೆ ಅಪ್ಪ ನನ್ನನ್ನು ಇಲ್ಲಿಗೆ ಕರೆತಂದರು. ವಿಡಿಯೋ ಇನ್ನೂ ಹಾಗೇ ಇದೆ. ಅದನ್ನು ಉಳಿಸಿದ್ದು ಧೈರ್ಯದಿಂದ ಎಂದುಕೊಳ್ಳಬೇಡ. ತೆಗೆಯಬೇಕೆಂದರೆ ಫೋನು ಹಚ್ಚಬೇಕು, ಹಚ್ಚಲು ಭಯ.

ಇಲ್ಲಿ ಏನೂ ಇಲ್ಲ ರಾಜಿ, ಆದರೂ ಹೆದರುತ್ತೇನೆ. ಮೋಟರ್ ಬೈಕಿನ ಸಪ್ಪಳ ಕೇಳಿದರೆ ಕೈಯಲ್ಲಿದ್ದುದು ಬೀಳುತ್ತದೆ. ಬಚ್ಚಲಿಗೆ ಹೋದರೆ ಅಜ್ಜಿಯನ್ನು ಬಾಗಿಲಿಗೆ ನಿಲ್ಲಿಸುತ್ತೇನೆ. ಹದಿನೆಂಟು ತುಂಬಿದವಳು! ಅಜ್ಜಿ ನಗುವುದಿಲ್ಲ. ‘ನಾ ಇಲ್ಲೇ ನಿಂತೇನಿ, ನೀ ಸಾವಕಾಶ ಬಾ’ ಎನ್ನುತ್ತಾಳೆ.

ನಿನ್ನನ್ನು ಒಂದು ಮಾತು ಕೇಳಬೇಕು. ಆ ಫೋಟೋದಲ್ಲಿ ಗೇಟಿನ ಮೇಲೆ ಚೆಂಡುಹೂವಿನ ಮಾಲೆಯಿದೆ. ನಾವು ಗೇಟಿಗೆ ಮಾಲೆ ಕಟ್ಟುವುದು ವರ್ಷಕ್ಕೊಮ್ಮೆ, ಏಪ್ರಿಲ್ ಹದಿನಾಲ್ಕಕ್ಕೆ. ಬಾಬಾಸಾಹೇಬರ ಜಯಂತಿಗೆ ಈ ವರ್ಷ ನಮ್ಮ ಮನೆಗೆ ಬಂದವರು ನಮ್ಮ ಬಳಗದವರು, ಮತ್ತು ನೀನು. ನಿನ್ನ ಫೋನು ಯಾರ ಕೈಗಾದರೂ ಹೋಗಿತ್ತೇ? ಯಾರಾದರೂ ನಿನಗೆ ಗೊತ್ತಿಲ್ಲದೆ ತೆಗೆದುಕೊಂಡಿರಬಹುದೇ? ನೆನಪು ಮಾಡಿಕೊಂಡು ಬರೆ. ನಾನು ಅಷ್ಟು ಮಾತ್ರ ಕೇಳುತ್ತಿದ್ದೇನೆ.

ಇಲ್ಲಿ ಕೂತು ಏನೇನೋ ನೆನಪಾಗುತ್ತದೆ. ಮಾಳಿಗೆಯ ಮೇಲೆ ಉರಿಗೋಟೆಯ ಆಟ ಆಡುವಾಗ ನೀನು ಯಾವಾಗಲೂ ಜ್ವಲಿತಾ, ನಾನು ಚಿಕ್ಕಿ. ಒಮ್ಮೆ ನಾನು ಜ್ವಲಿತಾ ಆಗುತ್ತೇನೆ ಎಂದಾಗ ನೀನು ನಕ್ಕೆ, ನಾನೂ ನಕ್ಕೆ. ನಿಮ್ಮ ಗೌರಕ್ಕಜ್ಜಿ ನನಗೆ ಪ್ರತಿ ಸಲವೂ ಹೊರಗಿನ ಮೆಟ್ಟಿಲು ತೋರಿಸಿ, ‘ಹಿಂಗ ಹತ್ತಿ ಹೋಗವಾ, ಲಗೂ ಆಕ್ಕೈತಿ’ ಎನ್ನುತ್ತಿದ್ದರು. ಬೇಗ ಆಗುತ್ತದೆಂದೇ ನಾನೂ ನಂಬಿದ್ದೆ.

ನಿನ್ನ
ಪೂನಮ್

ತಾ.ಕ.: ಉತ್ತರವನ್ನು ಅಜ್ಜಿಯ ಹೆಸರಿಗೇ ಬರೆ: ಸತ್ಯವ್ವ, ನೀರಿನ ಟಾಕಿ ಹಿಂದೆ, ಹೆಬ್ಬಳ್ಳಿ. ನಾನು ಇಲ್ಲಿರುವುದು ಅಪ್ಪ ಅವ್ವನ ಹೊರತು ನಿನಗೊಬ್ಬಳಿಗೇ ಗೊತ್ತು.


ಅಮರಗೋಳ
೧೩ ಜೂನ್ ೨೦೨೫

ನನ್ನ ಪೂನಿ,

ನಿನ್ನ ಪತ್ರವನ್ನು ಅಂಗಡಿಯ ಕಾಗದಗಳ ಜೊತೆ ಅಪ್ಪನೇ ತಂದುಕೊಟ್ಟರು. ಯಾರದು ಎಂದು ಕೇಳಿದಾಗ ಕಾಲೇಜಿನದು ಎಂದೆ. ಬಚ್ಚಲಮನೆಯಲ್ಲಿ ನಿಂತು ಓದಿದೆ. ಓದುತ್ತಾ ಎಷ್ಟು ಅತ್ತೆನೆಂದು ನಿನಗೆ ಹೇಗೆ ಹೇಳಲಿ! ನೀನು ಹೀಗೆ ಹೆದರಿಕೊಂಡು ಕೂತಿರುವುದನ್ನು ನೆನೆದರೆ ನನಗೆ ಊಟ ಸೇರುತ್ತಿಲ್ಲ. ಅಜ್ಜಿ ಎರಡು ಸಲ ದೃಷ್ಟಿ ತೆಗೆದಿದ್ದಾಳೆ.

ಫೋಟೋದ ಮಾತು ಕೇಳಿದ್ದೀಯ. ಮೇ ತಿಂಗಳಲ್ಲಿ ನನ್ನ ಫೋನು ಕೆಟ್ಟಿತ್ತು, ಹುಬ್ಬಳ್ಳಿಯಲ್ಲಿ ಎರಡು ದಿನ ರಿಪೇರಿಗೆ ಕೊಟ್ಟಿದ್ದೆ. ಅಲ್ಲಿ ಯಾರು ಏನು ಮಾಡಿದರೋ. ಅದೂ ಅಲ್ಲದೆ ಆ ದಿನ ನಿಮ್ಮ ಬಳಗದವರೂ ಫೋಟೋ ತೆಗೆದಿರಬಹುದಲ್ಲ? ನಮ್ಮ ಗುಂಪಿನಲ್ಲಿ ನಾಲ್ಕು ನೂರು ಜನರಿದ್ದಾರೆ. ಯಾರನ್ನೆಂದು ಅನುಮಾನಿಸುವುದು?

ಪೂನಿ, ಒಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡ. ವಿಡಿಯೋ ತೆಗೆದು ಹಾಕಿಬಿಡು. ‘ತಪ್ಪು ತಿಳಿದಿದ್ದೆ, ಬೇಜಾರಾಗಿದ್ದರೆ ಕ್ಷಮಿಸಿ’ ಎಂದು ಎರಡು ಸಾಲು ಹಾಕು. ಎಲ್ಲ ಅಲ್ಲಿಗೆ ಮುಗಿಯುತ್ತದೆ. ಸುಶ್ರುತ ಕೆಟ್ಟವನಲ್ಲ. ಅವನಿಗೂ ಮೇಲಿನಿಂದ ಒತ್ತಡವಿದೆ. ಜುಲೈಯಲ್ಲಿ ಆರನೆಯ ಪುಸ್ತಕದ ಬಿಡುಗಡೆಗೆ ಲೇಖಕಿಯನ್ನು ಹುಬ್ಬಳ್ಳಿಗೇ ಕರೆಸುತ್ತಿದ್ದೇವೆ. ವೇದಿಕೆಯ ಮೇಲೆ ಅವರನ್ನು ಪರಿಚಯಿಸುವುದು ನಾನು. ಅದು ನಿಶ್ಚಯವಾದ ವಾರದಲ್ಲೇ ನಿನ್ನ ವಿಡಿಯೋ ಬಂತು. ಎಲ್ಲರೂ ನನ್ನನ್ನೇ ಕೇಳಿದರು, ‘ಆಕಿ ನಿನ್ನ ಗೆಳತಿ ಅಲ್ಲೇನು? ನೀ ಯಾರ ಕಡೆ?’ ಎಂದು. ನನ್ನ ಸ್ಥಿತಿಯನ್ನೂ ಸ್ವಲ್ಪ ಯೋಚಿಸು.

ನಿನ್ನ ಪರವಾಗಿ ನಾನು ಸುಮ್ಮನೆ ಕೂತಿಲ್ಲ. ನಿನ್ನ ಪತ್ರ ಬಂದ ದಿನವೇ ಸುಶ್ರುತನಿಗೆ ಫೋನು ಮಾಡಿ ಜಗಳವಾಡಿದೆ. ಅವಳು ಹೆದರಿ ಧಾರವಾಡ ಬಿಟ್ಟೇ ಹೋಗಿದ್ದಾಳೆ, ಅಜ್ಜಿಯ ಊರಲ್ಲಿ ಮೂಲೆ ಹಿಡಿದು ಕೂತಿದ್ದಾಳೆ, ಇನ್ನು ಸಾಕುಮಾಡಿ ಎಂದು ಕೈ ಮುಗಿದು ಹೇಳಿದೆ. ಅವನು ನೋಡೋಣ ಎಂದಿದ್ದಾನೆ. ನೋಡಿದೆಯಾ, ನಾನು ನಿನ್ನ ಕಡೆಗೇ ಇದ್ದೇನೆ.

ಜ್ವಲಿತಾ ಬಗ್ಗೆಯೂ ನೀನು ಹೇಳಿದ್ದು ಪೂರ್ತಿ ಸರಿಯಲ್ಲ ಬಿಡು. ಚಿಕ್ಕಿ ಸತ್ತ ಮೇಲೆ ಅವಳು ಹನ್ನೊಂದು ಪುಟ ಅಳುತ್ತಾಳೆ. ಅದು ಬದಲಾವಣೆಯಲ್ಲವೇ?

ಅಜ್ಜಿಯ ಮೆಟ್ಟಿಲಿನ ವಿಷಯ ಯಾಕೆ ಬರೆದೆ? ಅವಳು ಹಳೇ ಕಾಲದವಳು. ನಾನೆಂದಾದರೂ ಹಾಗೆ ಮಾಡಿದ್ದೇನೆಯೇ?

ಎಂದೆಂದೂ ನಿನ್ನ
ರಾಜೇಶ್ವರಿ

ತಾ.ಕ.: ಪೊಲೀಸರಲ್ಲಿಗೆ ಹೋದರೆ ಗುಂಪಿನಲ್ಲಿರುವ ಎಲ್ಲರ ಫೋನನ್ನೂ ತೆಗೆದುಕೊಳ್ಳುತ್ತಾರಂತೆ. ನಿಮ್ಮ ಅಪ್ಪ ಹೋಗುವುದಿಲ್ಲ ಎಂದೇ ಅಲ್ಲವೇ ಹೇಳಿದ್ದು?


ಹೆಬ್ಬಳ್ಳಿ
೨೪ ಜೂನ್ ೨೦೨೫, ಮಂಗಳವಾರ

ರಾಜಿ,

ನಿನ್ನ ಪತ್ರ ಹದಿನಾರಕ್ಕೆ ಬಂತು. ಕಟ್ಟೆಯ ಮೇಲೆ ಕೂತು ಓದುತ್ತಿದ್ದೆ. ‘ಅಜ್ಜಿಯ ಊರಲ್ಲಿ’ ಎಂಬಲ್ಲಿಗೆ ಬಂದಾಗ ಓದು ನಿಲ್ಲಿಸಿ ಓಣಿಯ ಎರಡೂ ತುದಿ ನೋಡಿದೆ. ಅಜ್ಜಿ ಯಾರ ಪತ್ರ ಎಂದು ಕೇಳಿದಳು. ರಾಜಿಯದು, ಎಲ್ಲ ಆರಾಮವಂತೆ ಎಂದೆ.

ಆ ಸಂಜೆಯೇ ಅಪ್ಪನಿಗೆ ಹೇಳಿಕಳಿಸಿದ್ದರೆ ಅವರು ನನ್ನನ್ನು ಬೇರೆ ಕಡೆಗೆ ಒಯ್ಯುತ್ತಿದ್ದರು. ಹೇಳಲಿಲ್ಲ. ಹೇಳಿದರೆ ಯಾರಿಂದ ಗೊತ್ತಾಯಿತು ಎಂದು ಕೇಳುತ್ತಿದ್ದರು, ನಿನ್ನ ಹೆಸರು ತೆಗೆಯಬೇಕಾಗುತ್ತಿತ್ತು. ಅಜ್ಜಿಯ ಊರು ಎಂದಷ್ಟೇ ಹೇಳಿರುತ್ತೀಯ, ಯಾವ ಊರೆಂದು ಹೇಳಿರುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಎರಡು ದಿನ ಹಾಗೆಯೇ ನೂಕಿದೆ.

ಬುಧವಾರ ಹದಿನೆಂಟನೆಯ ತಾರೀಖು, ಬೆಳಿಗ್ಗೆ ಹನ್ನೊಂದರ ಸುಮಾರು. ರಾತ್ರಿಯ ಮಳೆಗೆ ಓಣಿ ರಾಡಿಯಾಗಿತ್ತು. ಅಜ್ಜಿ ಕಟ್ಟೆಯ ಮೇಲೆ ಬಿತ್ತನೆಯ ಹೆಸರುಕಾಳನ್ನು ಮೊರದಲ್ಲಿ ಹಸನು ಮಾಡುತ್ತಿದ್ದಳು. ನಾನು ಒಳಗೆ ರೊಟ್ಟಿಯ ಹಿಟ್ಟು ನಾದುತ್ತಿದ್ದೆ. ಬೈಕಿನ ಸಪ್ಪಳ ಓಣಿಯ ತಿರುವಿನಲ್ಲಿ ಕೇಳಿತು. ದಾಟಿ ಹೋಗಲಿ ಎಂದುಕೊಂಡೆ. ಅದು ನಮ್ಮ ಬಾಗಿಲಿಗೇ ಬಂದು ನಿಂತಿತು.

ಹಿಟ್ಟಿನ ಕೈಯಲ್ಲೇ ಒಳಕೋಣೆಗೆ ಓಡಿ ಜೋಳದ ಚೀಲಗಳ ಹಿಂದೆ ಕೂತೆ. ಗೋಡೆಗೂ ಚೀಲಕ್ಕೂ ನಡುವೆ ಒಂದು ಮೊಳ ಜಾಗ. ಮೊಣಕಾಲನ್ನು ಎದೆಗೆ ಒತ್ತಿಕೊಂಡು ಉಸಿರು ಹಿಡಿದೆ. ಅಲ್ಲಿಂದ ಹೊರಗಿನ ಮಾತು ಪೂರ್ತಿ ಕೇಳುತ್ತದೆ, ಬಾಗಿಲ ಸಂದಿಯಲ್ಲಿ ಕಟ್ಟೆಯ ಒಂದು ಅಂಚು ಕಾಣುತ್ತದೆ.

‘ನೀರಿನ ಟಾಕಿ ಹಿಂದಿನ ಸತ್ಯವ್ವನ ಮನಿ ಇದ ಏನು?’

ಬಂದವನು ಅಂದದ್ದು ಹಾಗೆ, ರಾಜಿ. ನಾನು ನಿನಗೆ ಬರೆದ ಶಬ್ದಗಳನ್ನೇ ಅಂದ.

ಅಜ್ಜಿ ಹೌದು ಎಂದಳು. ಮೊಮ್ಮಗಳನ್ನು ಹೊರಗೆ ಕರಿ ಎಂದ. ಅಜ್ಜಿ ಮೊರ ಕೆಳಗಿಡಲೂ ಇಲ್ಲ, ‘ಆಕಿ ಇಲ್ಲಿ ಎಲ್ಲಿ ಅದಾಳಪಾ? ಅವರಪ್ಪನ ಕೂಡ ಧಾರವಾಡಕ್ಕ ಹೋದ್ಲು’ ಎಂದಳು. ಅಷ್ಟು ಸಲೀಸಾಗಿ ಅಜ್ಜಿ ಸುಳ್ಳು ಹೇಳಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

‘ಸುಳ್ಳ ಹೇಳಬ್ಯಾಡ ಮುದುಕಿ. ಇಲ್ಲೇ ಅಡಗ್ಯಾಳಂತ ಗೊತ್ತೈತಿ. ನಾವೇನ ಹೊಡ್ಯಾಕ ಬಂದಿಲ್ಲ. ಕ್ಯಾಮರಾ ಮುಂದ ತಪ್ಪಾತು ಅನ್ನಲಿ, ವಿಡಿಯೋ ತಗೊಂಡು ಹೋಗ್ತೇವಿ.’

‘ಏನ್ ತಪ್ಪ ಮಾಡ್ಯಾಳ ಆಕಿ?’

‘ಅದೆಲ್ಲಾ ನಿನಗ ತಿಳಿಯಂಗಿಲ್ಲ.’

ಜೊತೆಗೆ ಬಂದ ಇನ್ನೊಬ್ಬನಿಗೆ ಹೊತ್ತಾಗುತ್ತಿತ್ತೇನೋ. ‘ಆಕಿ ಬರಂಗಿಲ್ಲಂದ್ರ ಈಕಿ ಕಡೆ ಅನಿಸಲೇ, ಸಾಕು’ ಎಂದ. ಆಮೇಲೆ ಅಜ್ಜಿಗೆ ಹೇಳಿದ, ‘ಏ ಅಜ್ಜಿ, ಇಲ್ಲಿ ನೋಡಿ ಕೈ ಮುಗಿ. ನನ್ನ ಮೊಮ್ಮಗಳದು ತಪ್ಪಾತು ಅನ್ನು.’

ಸಂದಿಯಲ್ಲಿ ನೋಡಿದೆ. ಅಜ್ಜಿ ಮೊರ ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು. ಎರಡೂ ಕೈ ಜೋಡಿಸಿದಳು. ‘ಆತು ತಮ್ಮಾ. ನನ್ನ ಕೂಸಿಂದು ತಪ್ಪಾತು. ಆಕಿ ಬದಲಿ ನಾ ಕೈ ಮುಗೀತೇನಿ. ಇನ್ನ ನೀವು ಹೋಗ್ರಿ’ ಎಂದಳು.

ಈಗ ಬರೆಯುವುದನ್ನು ಅಪ್ಪನಿಗೆ ಹೇಳಿಲ್ಲ, ಅವ್ವನಿಗೂ ಹೇಳಿಲ್ಲ. ಅಜ್ಜಿ ಕೈ ಮುಗಿದಾಗ ನನಗೆ ನೆಮ್ಮದಿಯಾಯಿತು. ಮುಗಿಯಿತು, ಇನ್ನು ಹೋಗುತ್ತಾರೆ, ನಾನು ಏಳಬೇಕಾಗಿಲ್ಲ ಎನ್ನಿಸಿತು. ಒಂದೆರಡು ಉಸಿರಿನಷ್ಟು ಹೊತ್ತು. ಅಷ್ಟು ಹೊತ್ತು ನಾನು ಅಗಳಿ ಹಾಕಿಕೊಂಡು ಒಳಗಿದ್ದೆ, ಅಜ್ಜಿ ಹೊರಗಿದ್ದಳು.

ಎದ್ದೆ. ಹೇಗೆ ಎದ್ದೆನೋ ಗೊತ್ತಿಲ್ಲ, ಕಾಲು ಜೋಮು ಹಿಡಿದಿತ್ತು, ಚೀಲಕ್ಕೆ ಎಡವಿ ಬಾಗಿಲಿಗೆ ಹಣೆ ಬಡಿಯಿತು. ಹೊರಗೆ ಬಂದು ‘ಕೈ ಇಳಸಬೇ ಅಜ್ಜಿ’ ಎಂದೆ. ಅಜ್ಜಿ ಇಳಿಸಲಿಲ್ಲ. ನಾನೇ ಹಿಡಿದು ಇಳಿಸಿದೆ, ಅವಳ ಕೈಗೆಲ್ಲ ಹಿಟ್ಟು ಹತ್ತಿತು.

ಇಬ್ಬರಿಗೂ ಇಪ್ಪತ್ತರ ಮೇಲೆ ವಯಸ್ಸಿರಲಾರದು. ಒಬ್ಬ ಬೈಕಿನ ಮೇಲೇ ಕೂತಿದ್ದ. ಇನ್ನೊಬ್ಬ ಫೋನು ಎತ್ತಿ ಹಿಡಿದಿದ್ದ, ಅದನ್ನು ನನ್ನ ಮುಖಕ್ಕೆ ತಿರುಗಿಸಿದ. ಅನ್ನು ಎಂದ. ನನಗೆ ಬೇರೆ ಏನೂ ಹೊಳೆಯಲಿಲ್ಲ. ‘ನೀವು ಐದನೇ ಪುಸ್ತಕ ಓದೀರೇನ್ರಿ?’ ಎಂದು ಕೇಳಿದೆ. ಹೆದರಿಕೆಯಲ್ಲೂ ರೀ ಹಚ್ಚಿಯೇ ಕೇಳಿದೆ ನೋಡು.

ಅವನು ಬೈಕಿನವನ ಮುಖ ನೋಡಿದ. ‘ಪುಸ್ತಕ ಯಾಂವ ಓದ್ತಾನ? ಗ್ರೂಪಿನ್ಯಾಗ ಬಂದಿದ್ದು ನೋಡೇವಿ’ ಎಂದ.

ನಾನು ತಪ್ಪಾಯಿತು ಎನ್ನಲಿಲ್ಲ. ಅಜ್ಜಿಯ ಕೈ ಹಿಡಿದೇ ನಿಂತೆ. ಅವನು ಮುಂದೆ ಬಂದು ನನ್ನ ಭುಜ ಹಿಡಿದು ನೂಕಿದ. ನಾನು ಮೊರದ ಮೇಲೆ ಬಿದ್ದೆ, ಬೀಜವೆಲ್ಲ ರಾಡಿಗೆ ಚೆಲ್ಲಿತು. ಅಜ್ಜಿ ಕೂಗಿದಳು. ಎದುರುಮನೆಯ ಕಸ್ತೂರೆವ್ವ ಕುಳ್ಳು ತಟ್ಟುತ್ತಿದ್ದವಳು ಸಗಣಿಯ ಕೈಯಲ್ಲೇ ಓಡಿಬಂದು, ‘ಯಾಂವಲೇ ಅಂವ, ಹೆಣ್ಮಗಳ ಮೈಮ್ಯಾಲೆ ಕೈ ಮಾಡಾಂವ?’ ಎಂದು ಬೈಕಿನ ಹ್ಯಾಂಡಲ್ಲಿಗೇ ಕೈ ಹಾಕಿದಳು. ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಅವರು ಅವಳ ಕೈ ಕೊಸರಿಕೊಂಡು ಹೋದರು. ನಾನು ಬೈಕಿನ ನಂಬರನ್ನು ಬಾಯಲ್ಲಿ ಜಪಿಸುತ್ತಾ ಒಳಗೆ ಓಡಿ, ಒಲೆಯ ಇದ್ದಿಲಿನಿಂದ ಅಡಿಗೆಮನೆಯ ಗೋಡೆಯ ಮೇಲೆ ಬರೆದೆ. ಅಜ್ಜಿ ಬಂದು ನೋಡಿ ಅದೇನೆಂದು ಕೇಳಿದಳು. ಅವಳಿಗೆ ಅಕ್ಷರ ಬರುವುದಿಲ್ಲ. ಆದರೂ ಅದನ್ನು ಅಳಿಸಲು ಯಾರಿಗೂ ಬಿಟ್ಟಿಲ್ಲ.

ಅಂದೇ ಸಂಜೆ ಅಪ್ಪ ಬಂದು ಬೇರೆ ಕಡೆಗೆ ಕರೆದರು, ಅಜ್ಜಿಯನ್ನು ಬಿಟ್ಟು ನಾನು ಹೋಗಲಿಲ್ಲ. ಅಂದೂ ಅವರು ಸುಮ್ಮನಿರೋಣ ಎಂದೇ ಅಂದರು. ನಾನು ಅವರನ್ನು ಬೈಯಲಾರೆ. ಸುಮ್ಮನಿರುವುದೂ ಒಂದು ನೌಕರಿ ಎಂಬಂತೆ ಬದುಕಿದವರು.

ಭಾನುವಾರ ಅಜ್ಜಿಯ ವಿಡಿಯೋ ಬಂತು. ಇಪ್ಪತ್ತು ಸೆಕೆಂಡು, ಅಜ್ಜಿ ಕೈ ಮುಗಿದದ್ದಷ್ಟೇ. ಸುಶ್ರುತ ತನ್ನ ಪುಟದಲ್ಲಿ ಹಾಕಿದ್ದಾನಂತೆ, ಕೆಳಗೆ ನಗುವ ಮುಖಗಳಂತೆ. ಅವ್ವ ಸೋಮವಾರ ತಾನು ಕಲಿಸುವ ಶಾಲೆಯಲ್ಲಿ, ಉಳಿದ ಶಿಕ್ಷ‌ಕರು ನೋಡುತ್ತಿದ್ದ ಫೋನಿನಲ್ಲಿ ನೋಡಿದಳು. ನೀನು ಆ ಗುಂಪಿನಲ್ಲಿದ್ದೀಯ, ನೀನೂ ನೋಡಿರುತ್ತೀಯ. ಏಪ್ರಿಲ್ ಹದಿನಾಲ್ಕಕ್ಕೆ ನಿನ್ನ ತಾಟಿಗೆ ಎರಡನೆಯ ಹೋಳಿಗೆ ಹಾಕಿ, ಬೇಡ ಎಂದರೂ ತುಪ್ಪ ಸುರಿದ ಕೈ ಅದು.

ನಿನ್ನೆ ಸಂಜೆ ಅಪ್ಪ ಅವ್ವ ಇಬ್ಬರೂ ಬಂದರು. ಅಪ್ಪ ಚಪ್ಪಲಿ ಕೂಡ ಬಿಡದೆ ಕಟ್ಟೆಯ ಮೇಲೆ ಕೂತರು. ಆಮೇಲೆ ಹೇಳಿದರು: ‘ಇಷ್ಟ ವರ್ಷ ಆಫೀಸಿನ್ಯಾಗ ತಲಿ ತಗ್ಗಿಸಿ ಕುಂತಿದ್ದು ಯಾಕ? ನಮ್ಮವ್ವ ಇನ್ನೊಬ್ಬರ ಮುಂದ ಕೈ ಮುಗೀಬಾರದು ಅಂತ. ಆಕೀನೂ ಮುಗದ್ಲು. ಇನ್ನ ಸುಮ್ಮ ಕುಂತು ಏನ ಉಳಸ್ಕೊಳ್ಳೂದೈತಿ?’ ಅಜ್ಜಿ, ‘ನನಗೇನ ಆತಪಾ, ಕೈಯೇನು ಸವದಾವ?’ ಎಂದಳು. ಅಪ್ಪ ಅತ್ತರು. ನಾನು ಅವರು ಅತ್ತದ್ದನ್ನು ಮೊದಲ ಸಲ ನೋಡಿದೆ.

ಶುಕ್ರವಾರಕ್ಕೆ ಅವರಿಗೆ ರಜೆ ಸಿಕ್ಕಿದೆ. ಅಷ್ಟರೊಳಗೆ ಅವ್ವ ಎಲ್ಲ ಬೈಗುಳಗಳನ್ನೂ ಫೋಟೋಗಳನ್ನೂ ಕಾಗದದ ಮೇಲೆ ತೆಗೆಸುತ್ತಾಳೆ. ಶುಕ್ರವಾರ ಹನ್ನೊಂದಕ್ಕೆ ಠಾಣೆಗೆ ಹೋಗುತ್ತೇವೆ. ಹೆಬ್ಬಳ್ಳಿಯ ವಿಳಾಸ ಯಾರಿಗೆ ಗೊತ್ತಿತ್ತು ಎಂದು ಅಲ್ಲಿ ಮೊದಲು ಕೇಳುತ್ತಾರೆ ಎಂದು ಅಪ್ಪ ಹೇಳಿದರು. ಹೇಳಿ ನನ್ನನ್ನೇ ನೋಡಿದರು.

ನೀನು ಆ ಫೋಟೋವನ್ನು ಯಾವಾಗ ಕೊಟ್ಟೆ, ಯಾಕೆ ಕೊಟ್ಟೆ ಎಂದು ನಾನು ಇನ್ನು ಕೇಳುವುದಿಲ್ಲ. ನೀನು ಯಾರ ಕಡೆ ಎಂದು ಅವರು ಕೇಳಿದಾಗ, ಯಾವುದೋ ಒಂದು ಹೊತ್ತಿನಲ್ಲಿ ಹೆದರಿ ಕೊಟ್ಟಿರುತ್ತೀಯ. ಹೆದರಿಕೆ ಎಂದರೇನು ಎಂದು ಈಗ ನನಗೆ ಗೊತ್ತು. ವಿಡಿಯೋದಲ್ಲಿ ನಾನು ಎಷ್ಟು ಸುಲಭವಾಗಿ ಹೇಳಿಬಿಟ್ಟೆ, ಐದು ಪುಸ್ತಕವಾದರೂ ಈಕೆ ಬದಲಾಗಲಿಲ್ಲವಲ್ಲ ಎಂದು! ಜೋಳದ ಚೀಲದ ಹಿಂದಿನಿಂದ ಕಟ್ಟೆಯವರೆಗೆ ಎಂಟು ಹೆಜ್ಜೆ. ಅಷ್ಟು ನಡೆಯುವುದಕ್ಕೆ ಏನು ಬೇಕಾಗುತ್ತದೆಂದು ಬರೆಯುವುದು ಕಷ್ಟವೇ ಇರಬೇಕು. ಆದರೆ ಬರೆಯುವವರು ಬರೆಯಬೇಕಿತ್ತು. ಅದೊಂದನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಹನ್ನೊಂದು ಪುಟ ಅಳುವುದು ಬದಲಾವಣೆಯಲ್ಲ, ರಾಜಿ.

ನನ್ನ ಹೆದರಿಕೆ ಹೋಗಿಲ್ಲ. ಇದನ್ನು ಬರೆಯುವಾಗಲೂ ಎರಡು ಸಲ ಎದ್ದುಹೋಗಿ ಬಾಗಿಲು ನೋಡಿ ಬಂದೆ. ಶುಕ್ರವಾರದ ನಂತರ ಏನಾಗುತ್ತದೋ, ಅವರು ಮತ್ತೆ ಬರುತ್ತಾರೋ, ಅಪ್ಪನ ಕಚೇರಿಯಲ್ಲಿ ಏನನ್ನುತ್ತಾರೋ, ನಾನು ಕಾಲೇಜಿಗೆ ಹೇಗೆ ಹೋಗಲಿ, ಒಂದೂ ತಿಳಿಯುವುದಿಲ್ಲ.

ಶುಕ್ರವಾರಕ್ಕೆ ಇನ್ನೂ ಮೂರು ದಿನವಿದೆ. ಅಷ್ಟರಲ್ಲಿ ಈ ಪತ್ರ ನಿನಗೆ ಮುಟ್ಟುತ್ತದೆ. ನೀನಾಗಿಯೇ ನಿಮ್ಮ ಅಪ್ಪನ ಜೊತೆ ಬಂದು, ನಡೆದದ್ದನ್ನು ನಿನ್ನ ಬಾಯಿಂದಲೇ ಹೇಳುವುದಾದರೆ ನಾನು ಠಾಣೆಯ ಬಾಗಿಲಲ್ಲಿ ಕಾಯುತ್ತೇನೆ. ಬಾರದಿದ್ದರೆ ನಾನು ಹೇಳುತ್ತೇನೆ.

ಪೂನಮ್

ತಾ.ಕ.: ೨೭ ಜೂನ್, ಶುಕ್ರವಾರ ಸಂಜೆ. ಈ ಪತ್ರವನ್ನು ಮಂಗಳವಾರ ಅಂಚೆಗೆ ಹಾಕಲಿಲ್ಲ. ಮೂರು ದಿನ ದಿಂಬಿನ ಕೆಳಗಿಟ್ಟುಕೊಂಡಿದ್ದೆ. ಹಾಕಿದ್ದರೆ ನೀನು ಅಳುತ್ತಾ ಇಲ್ಲಿಗೇ ಬರುತ್ತಿದ್ದೆ, ನೀನು ಅತ್ತರೆ ನಾನು ಹೇಳುತ್ತಿರಲಿಲ್ಲ. ಈಗ ಠಾಣೆಯಿಂದ ಬಂದು ಹಾಕುತ್ತಿದ್ದೇನೆ. ಹೇಳಿದ್ದೇನೆ. ಬರೆದುಕೊಳ್ಳುತ್ತಿದ್ದ ಮೇಡಂ ನಿನ್ನ ಪೂರ್ತಿ ಹೆಸರನ್ನೂ ಊರನ್ನೂ ಬರೆದ ಮೇಲೆ ಪೆನ್ನು ತಡೆದು, ‘ಈಕಿ ನಿನಗ ಏನಾಗಬೇಕವಾ?’ ಎಂದು ಕೇಳಿದರು. ನಾನು ನೀರು ಕೇಳಿ ಕುಡಿದೆ. ಗೆಳತಿ ಎಂದು ಬರೆಸಿದ್ದೇನೆ.